ಒಂಬತ್ತು ಕೆಟಲ್, ಒಂದು ಪೊಟ್ಟಣ ನಿಂಬೆ ಉಪ್ಪು

ತಿಂಗಳ ಎರಡನೇ ಭಾನುವಾರ, ತಿಂಡಿ ಪಾತ್ರೆ ತೊಳೆದಾದ ಮೇಲೆ, ಒಳಗೆ ಕಟ್ಟಿದ ಬಿಳಿ ತೆಗೆಸಿಕೊಳ್ಳಲು ನಮ್ಮ ಅಡುಗೆಮನೆ ಕಟ್ಟೆ ಮೇಲೆ ಒಂಬತ್ತು ಕರೆಂಟ್ ಕೆಟಲ್ ಸಾಲಾಗಿ ಬಂದು ಕೂರುತ್ತವೆ. ರೂಮಿಗೊಂದು. ಮುಚ್ಚಳ ತೆಗೆದು ಇಣುಕಿದರೆ ಒಂದೊಂದರದ್ದು ಒಂದೊಂದು ಅವತಾರ. 101ರದ್ದು ತಳಕ್ಕೆ ತೆಳ್ಳಗೆ ವಿಭೂತಿ ಬಳಿದ ಹಾಗಿರುತ್ತದೆ. 203ರದ್ದು ಬೇಸಿಗೆಯ ಕೆರೆ ಅಂಗಳದ ಹಾಗೆ ಬಿರುಕು ಬಿಟ್ಟಿರುತ್ತದೆ. 302ರದ್ದರಲ್ಲಿ ತಳವೇ ಕಾಣುವುದಿಲ್ಲ, ಮಸಾಲೆ ವಾಸನೆ ಬೇರೆ. "ನೂಡಲ್ಸ್ ಮಾಡಿದ್ರಾ?" ಅಂತ ಕೇಳಿದರೆ "ಇಲ್ಲ ಆಂಟಿ" ಅನ್ನುತ್ತಾರೆ. ತಳದಲ್ಲಿ ಒಂದು ಎಳೆ ಅಂಟಿಕೊಂಡು ಒಣಗಿರುತ್ತದೆ, ಅದನ್ನು ತೋರಿಸಿದರೆ ನಗುತ್ತಾರೆ.

ಹನ್ನೊಂದು ವರ್ಷದಿಂದ ಬೇಗೂರು ಕಡೆ ಈ ಸಣ್ಣ ಲೇಡೀಸ್ ಪಿಜಿ ನಡೆಸುತ್ತಿದ್ದೇನೆ. ಹುಟ್ಟಿ ಬೆಳೆದದ್ದು ಕೊಪ್ಪದ ಹತ್ತಿರ. ಅಲ್ಲಿ ನಮ್ಮ ಮನೆಗೆ ಗುಡ್ಡದಿಂದ ಅಬ್ಬಿ ನೀರು ಬರುತ್ತಿತ್ತು. ಮೈಗೆ ಸೋಪು ಹಚ್ಚಿದರೆ ಜಾರು ಹೋಗುವುದಕ್ಕೆ ಮೂರು ಚೊಂಬು ನೀರು ಜಾಸ್ತಿ ಹೊಯ್ದುಕೊಳ್ಳಬೇಕು, ಅಂಥ ಮೆದು ನೀರು. ಬಚ್ಚಲಿನ ಹಂಡೆಯ ಹೊರಗೆಲ್ಲ ಮಸಿ ಇದ್ದರೂ ಒಳಗೆ ಬಿಳಿ ಕಟ್ಟುವುದನ್ನು ನಾನು ಕಂಡೇ ಇರಲಿಲ್ಲ. ಹಾಗಾಗಿ ಬೆಂಗಳೂರಿಗೆ ಬಂದು ಮೊದಲ ಕೆಟಲ್ ಕೊಂಡು ಮೂರು ವಾರಕ್ಕೆ ಅದರ ತಳ ಬೆಳ್ಳಗಾದಾಗ, ಒಳಗಿನ ಪಾಲಿಶ್ ಎದ್ದು ಬರುತ್ತಿದೆ ಅಂದುಕೊಂಡೆ. ಕೆಟಲನ್ನು ಕೈಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋಗಿ ಜಗಳವನ್ನೇ ಆಡಿದೆ. ಅಂಗಡಿಯವರು ಮುಚ್ಚಳ ತೆಗೆದು ನೋಡಿ, ಉಗುರಲ್ಲಿ ಒಂದು ಚೂರು ಕೆರೆದು ನನ್ನ ಅಂಗೈ ಮೇಲಿಟ್ಟರು. "ಅಮ್ಮಾ, ಇದು ಕೆಟಲ್‌ದಲ್ಲ, ನಿಮ್ಮ ಬೋರ್‌ವೆಲ್‌ದು" ಅಂದರು. ಆಮೇಲೆ ಒಂದು ಮಾತೂ ಆಡದೆ ಬಸ್ಸು ಹತ್ತಿದೆ.

ಆ ಬಿಳಿ ಏನು?

ಮಳೆ ನೀರು ಮಣ್ಣಿನೊಳಗೆ ಇಳಿಯುವಾಗ ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಸ್ವಲ್ಪ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ನೀರು ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ಕೂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಳ್ಳುತ್ತದೆ. ನಾವು ಸಾವಿರ ಅಡಿ ಕೊರೆದು ಮೇಲೆತ್ತುವುದು ಇದನ್ನೇ. ಕಣ್ಣಿಗೆ ತಿಳಿಯಾಗಿರುತ್ತದೆ. ಕಾಯಿಸಿದಾಗ ಕರಗಿದ್ದ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಕರಗಿದ್ದ ಕ್ಯಾಲ್ಸಿಯಂ ಕರಗಿಕೊಂಡೇ ಇರಲಾರದೆ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ಕೆಳಗೆ ಕೂರುತ್ತದೆ. ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ ಹೆಚ್ಚು ಅಂಟುತ್ತದೆ. ಕೆಟಲ್‌ನಲ್ಲಿ ಅದು ತಳ.

ಮೊಟ್ಟೆ ಚಿಪ್ಪು, ಕಪ್ಪೆಚಿಪ್ಪು ಇದೇ ವಸ್ತು. ಗೋಡೆಗೆ ಬಳಿದ ಸುಣ್ಣ ಒಣಗಿ ಗಟ್ಟಿಯಾದ ಮೇಲೆ ಆಗುವುದೂ ಇದೇ. ಹಾಗಾಗಿ ನಮ್ಮ ಕಡೆಯವರು "ಉಪ್ಪು ಕಟ್ಟಿದೆ" ಅಂದರೂ ಇದು ಅಡುಗೆ ಉಪ್ಪಲ್ಲ. ಉಪ್ಪಾಗಿದ್ದರೆ ನೀರು ಹಾಕಿದ ಕೂಡಲೇ ಕರಗಬೇಕಿತ್ತು. ಇದು ಕಲ್ಲು. ನೀರಿಗೆ ಕರಗುವುದಿಲ್ಲ, ಸೋಪಿಗೆ ಜಗ್ಗುವುದಿಲ್ಲ, ಹುಳಿಗೆ ಮಾತ್ರ ಸೋಲುತ್ತದೆ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಜನ ಕೈನೋವು ಬರಿಸಿಕೊಳ್ಳುವುದೆಲ್ಲ ಇದನ್ನು ಕೊಳೆ ಅಂದುಕೊಂಡು ಉಜ್ಜುವುದರಿಂದ.

ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ, ಅಂದರೆ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕ, ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು ಅಂತಿದೆ. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪುತ್ತಾರೆ. 400 ಇರುವ ನೀರು ಅಂತ ಇಟ್ಟುಕೊಳ್ಳಿ. ಒಂದು ರೂಮಿನಲ್ಲಿ ದಿನಕ್ಕೆ 3 ಲೀಟರ್ ಕಾಯಿಸಿದರೆ ಕೆಟಲ್ ಒಳಗೆ 1.2 ಗ್ರಾಂ ಬಂದು ಹೋಗುತ್ತದೆ. ಅದರಲ್ಲಿ ಕಾಲು ಭಾಗ ಅಂಟಿದರೂ ತಿಂಗಳಿಗೆ 9 ಗ್ರಾಂ, ಹತ್ತಿರ ಹತ್ತಿರ ಎರಡು ಟೀ ಚಮಚ ಪುಡಿ. ನಾನು ಒಂದು ಸಲ ಉದುರಿದ ಚಕ್ಕೆಗಳನ್ನೆಲ್ಲ ಹಳೇ ಪೇಪರ್ ಮೇಲೆ ಒಣಗಿಸಿ ಹುಡುಗಿಯರಿಗೆ ತೋರಿಸಿದೆ. "ಇಷ್ಟನ್ನೂ ನಾವು ಕುಡೀತಿದ್ವಾ?" ಅಂತ ಹೌಹಾರಿದರು. ಕುಡಿದರೆ ವಿಷವೇನಲ್ಲ. ಕಿಡ್ನಿಯಲ್ಲಿ ಕಲ್ಲಾಗುತ್ತದೆ ಅಂತ ಹೆದರುವವರೂ ಇದ್ದಾರೆ. ಕಿಡ್ನಿ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟ್, ಕೆಟಲ್ ಕಲ್ಲೇ ಹೋಗಿ ಅಲ್ಲಿ ಕೂರುವುದಿಲ್ಲ. ಆದರೆ ಟೀ ಮೇಲೆ ಬಿಳಿ ಹೊಪ್ಪಳೆ ತೇಲುವುದು ಯಾರಿಗೆ ಇಷ್ಟ?

ಕೆಟಲ್‌ಗೂ ಇದು ಒಳ್ಳೆಯದಲ್ಲ. ಕಲ್ಲಿನ ಪದರದ ಮೂಲಕ ಬಿಸಿ ಬೇಗ ನೀರಿಗೆ ದಾಟುವುದಿಲ್ಲ. ತಳದ ಕೆಳಗಿನ ಕಾಯಿಲ್ ಅತಿಯಾಗಿ ಕಾಯುತ್ತದೆ. ಸದ್ದು ಜೋರಾಗುತ್ತದೆ, ಒಳಗೆ ಜಲ್ಲಿ ಕುಟ್ಟಿದ ಹಾಗೆ. ಪದರ ದಪ್ಪವಾದರೆ ನೀರು ಕುದಿಯುವ ಮೊದಲೇ ಕೆಟಲ್ ತಾನಾಗಿ ಆಫ್ ಆಗಲೂಬಹುದು. ನೀರೇ ಇಲ್ಲದೆ ಕಾಯುತ್ತಿದೆ ಅಂತ ಅದು ಮೋಸಹೋಗುತ್ತದೆ.

ಬೇಕಾದ ಸಾಮಾನು

ದಿನಸಿ ಅಂಗಡಿಯಲ್ಲಿ "ನಿಂಬೆ ಉಪ್ಪು ಕೊಡಿ" ಅಂತ ಕೇಳಿ. ಸಿಟ್ರಿಕ್ ಆಸಿಡ್ ಅಂದರೂ ಕೊಡುತ್ತಾರೆ. ಗುಲಾಬ್ ಜಾಮೂನ್ ಪುಡಿ, ಅಡುಗೆ ಸೋಡಾ ಇಡುವ ಕಡೆಯೇ ಸಣ್ಣ ಪೊಟ್ಟಣದಲ್ಲಿ ಇರುತ್ತದೆ. ಸಕ್ಕರೆ ಹರಳಿನ ಹಾಗೇ ಕಾಣುತ್ತದೆ. ಅದಕ್ಕೇ ಒಂದು ಫಜೀತಿಯೂ ಆಗಿದೆ, ಆಮೇಲೆ ಹೇಳುತ್ತೇನೆ. ನೂರು ಗ್ರಾಂ ತಂದರೆ ಒಂದು ಕೆಟಲ್ ಇರುವ ಮನೆಗೆ ಅರ್ಧ ವರ್ಷಕ್ಕೆ ಸಾಕು. ಇದರ ಜೊತೆಗೆ ಒಂದು ಮೆತ್ತನೆಯ ಬಟ್ಟೆ, ಒಂದು ಮರದ ಸೌಟು. ಅಷ್ಟೇ.

ಹೇಗೆ ಮಾಡುವುದು

ಮೊದಲು ಪ್ಲಗ್ ಕಿತ್ತು ಕೆಟಲ್ ಪೂರ್ತಿ ತಣ್ಣಗಾಗಲು ಬಿಡಿ. ಒಳಗಿನ ನೀರು ಚೆಲ್ಲಿ, ಸಡಿಲವಾಗಿರುವ ಚಕ್ಕೆಗಳನ್ನು ಗಲಗಲ ಅಲುಗಿಸಿ ಸುರಿಯಿರಿ. ಚಾಕು, ಚಮಚದ ತುದಿ ಹಾಕಿ ಎಬ್ಬಿಸಲು ಹೋಗಬೇಡಿ.

ಈಗ ಬಿಳಿ ಕಟ್ಟಿರುವಷ್ಟು ಜಾಗ ಮುಳುಗುವ ಹಾಗೆ ನೀರು ಹಾಕಿ. ಒಂದೂವರೆ ಲೀಟರ್ ಕೆಟಲ್‌ಗೆ ಸಾಮಾನ್ಯವಾಗಿ ಮುಕ್ಕಾಲು ಲೀಟರ್ ಸಾಕಾಗುತ್ತದೆ. ಒಳಗೋಡೆ ಮೇಲೂ ಬಿಳಿ ಗೆರೆ ಇದ್ದರೆ ಅಲ್ಲಿಯವರೆಗೆ. ಮ್ಯಾಕ್ಸ್ ಗೆರೆ ಮುಟ್ಟುವಷ್ಟು ಮಾತ್ರ ಬೇಡ, ನೊರೆಗೆ ಜಾಗ ಬೇಕು. ಬರೀ ನೀರನ್ನೇ ಒಂದು ಕುದಿ ಬರಿಸಿ. ಆಫ್ ಆದ ಮೇಲೆ ಪ್ಲಗ್ ಕೀಳಿ. ಐದು ನಿಮಿಷ ಸುಮ್ನೆ ಬಿಡಿ. ಆಮೇಲೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 15 ಗ್ರಾಂ ನಿಂಬೆ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ.

ಐದು ನಿಮಿಷ ಕಾಯುವುದಕ್ಕೆ ಎರಡು ಕಾರಣ ಇದೆ. ಕುದಿಯುವ ನೀರಿಗೇ ಸುರಿದರೆ ಹಾಲು ಉಕ್ಕಿದ ಹಾಗೆ ಉಕ್ಕಿ ಮೂತಿಯಿಂದ, ಮುಚ್ಚಳದಿಂದ ಹೊರಗೆ ಬಂದು ಕೈ ಸುಡುತ್ತದೆ. ನನಗೆ ಸುಟ್ಟಿದೆ. ಇನ್ನೊಂದು ನಾನು ಬಹಳ ತಡವಾಗಿ ಕಲಿತದ್ದು. ನಿಂಬೆ ಉಪ್ಪು ಹಾಕಿ ಮತ್ತೆ ಮತ್ತೆ ಕುದಿಸಿದರೆ ಕರಗಿದ ಸುಣ್ಣ ಕ್ಯಾಲ್ಸಿಯಂ ಸಿಟ್ರೇಟ್ ಆಗಿ ಮತ್ತೆ ಬೆಳ್ಳಗೆ ಕೂರಬಹುದು. ಈ ವಸ್ತುವಿನ ಸ್ವಭಾವ ಉಲ್ಟಾ. ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಮೊದಮೊದಲು ನಾನು ಜಾಸ್ತಿ ಕುದಿಸಿದರೆ ಜಾಸ್ತಿ ಶುದ್ಧ ಅಂದುಕೊಂಡು ಮೂರು ಮೂರು ಸಲ ಕುದಿಸುತ್ತಿದ್ದೆ, ಕೊನೆಗೆ ಒಂದು ಹೊಸ ಬಿಳಿ ಮಬ್ಬು ಉಳಿದುಬಿಡುತ್ತಿತ್ತು. ಬಿಸಿ ಬೇಕು, ಕುದಿ ಬೇಡ.

ಉಪ್ಪು ಬಿದ್ದ ಕೂಡಲೇ ಕಿವಿ ಹತ್ತಿರ ಹಿಡಿದರೆ ಸೋಡಾ ಬಾಟಲಿ ಬಿಚ್ಚಿದ ಹಾಗೆ ಸುಯ್ ಅನ್ನುವ ಸದ್ದು ಕೇಳುತ್ತದೆ. ತಳದ ತುಂಬ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಏಳುತ್ತವೆ. ನೋಡುತ್ತಾ ನಿಂತರೆ ಒಂದು ತಮಾಷೆ ಕಾಣುತ್ತದೆ. ಬಿಳಿ ಪದರ ನಡುವಿನಿಂದ ಕರಗುವುದಿಲ್ಲ, ಬಿರುಕು ಇರುವ ಕಡೆಯಿಂದ ಶುರು. ಬಿರುಕಿನ ಅಂಚು ಅಗಲವಾಗುತ್ತದೆ, ಅದರೊಳಗೆ ಹೊಳೆಯುವ ಸ್ಟೀಲ್ ಒಂದು ಗೆರೆಯಾಗಿ ಕಾಣುತ್ತದೆ, ಗೆರೆ ಗೆರೆ ಸೇರಿ ದ್ವೀಪಗಳಾಗುತ್ತವೆ. ಕೊನೆಗೆ ದ್ವೀಪಗಳೇ ಕಳಚಿ, ಹಪ್ಪಳದ ಚೂರಿನ ಹಾಗೆ ಸುರುಳಿ ಸುತ್ತಿಕೊಂಡು ನೀರಿನಲ್ಲಿ ತಿರುಗುತ್ತವೆ. 203ರ ಹುಡುಗಿ ಒಂದು ಸಲ ಇದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡು ಹೋದಳು.

ಮುಚ್ಚಳ ಹಾಕಿ ಅರ್ಧ ಗಂಟೆ ಬಿಡಿ. ಗುಳ್ಳೆ ನಿಂತಿದ್ದರೆ ಎರಡರಲ್ಲಿ ಒಂದು. ಸುಣ್ಣ ಮುಗಿದಿದೆ, ಇಲ್ಲ ಹುಳಿ ಮುಗಿದಿದೆ. ತಳ ಇನ್ನೂ ಬಿಳಿ ಇದ್ದರೆ ಹುಳಿಯೇ ಮುಗಿದಿರುವುದು. ಆ ನೀರು ತೆಗೆದು ಹೊಸದಾಗಿ ಇನ್ನೊಂದು ಸುತ್ತು ಮಾಡಿ. 15 ಗ್ರಾಂ ನಿಂಬೆ ಉಪ್ಪು ಹೆಚ್ಚೆಂದರೆ ಹನ್ನೊಂದು ಗ್ರಾಂ ಸುಣ್ಣ ತಿನ್ನಬಹುದು, ಅದಕ್ಕಿಂತ ಜಾಸ್ತಿ ಕೂತಿದ್ದರೆ ಎಷ್ಟು ಹೊತ್ತು ಕಾದರೂ ಪ್ರಯೋಜನ ಇಲ್ಲ. ನಾಲ್ಕೈದು ತಿಂಗಳು ಮುಟ್ಟದೇ ಬಿಟ್ಟ ಕೆಟಲ್‌ಗೆ ಮೂರು ಸುತ್ತು ಬೇಕಾದದ್ದೂ ಇದೆ.

ಕೊನೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಉಳಿದರೆ ಮರದ ಸೌಟಿನ ತುದಿಗೆ ಬಟ್ಟೆ ಸುತ್ತಿ, ಹುಳಿ ನೀರಿನಲ್ಲಿ ಅದ್ದಿ, ಮೆಲ್ಲಗೆ ಒರೆಸಿ. ಬಂದುಬಿಡುತ್ತದೆ. ಬರದಿದ್ದರೆ ಅದು ಸುಣ್ಣ ಅಲ್ಲ. ಕಾಮನಬಿಲ್ಲಿನ ಬಣ್ಣದ ಮಬ್ಬು ಇದ್ದರೆ ಅದು ಸ್ಟೀಲ್ ಮೇಲಿನ ತೀರಾ ತೆಳು ಪದರದ ಬಣ್ಣ, ಇದ್ದರೆ ಇರಲಿ. ಕಂದು ಬಣ್ಣದ ಕಲೆ ಬೋರ್ ನೀರಿನ ಕಬ್ಬಿಣದ್ದು, ಹೆಚ್ಚಾಗಿ ನಿಂಬೆ ಉಪ್ಪಿಗೇ ಹೋಗುತ್ತದೆ. ಸೂಜಿ ಚುಚ್ಚಿದ ಹಾಗೆ ಕಪ್ಪು ಕುಳಿಗಳಿದ್ದರೆ ಲೋಹವೇ ತಿಂದುಹೋಗಿದೆ ಅಂತ ಅರ್ಥ. ಅದಕ್ಕೆ ಮದ್ದಿಲ್ಲ.

ಈಗ ತೊಳೆಯುವುದು. ಎರಡು ಮೂರು ಸಲ ನೀರು ಹಾಕಿ ಅಲುಗಿಸಿ ಚೆಲ್ಲಿ. ಆಮೇಲೆ ಕುಡಿಯುವ ನೀರು ತುಂಬಿ ಒಂದು ಸಲ ಕುದಿಸಿ, ಅದನ್ನೂ ಚೆಲ್ಲಿ. ಹುಳಿ ಪೂರ್ತಿ ಹೋಗಿದೆಯಾ ಅಂತ ನೋಡಲು ನನ್ನದೊಂದು ಪರೀಕ್ಷೆ ಇದೆ. ಕೆಟಲ್‌ನ ಬಿಸಿ ನೀರನ್ನು ಲೋಟಕ್ಕೆ ಸ್ವಲ್ಪ ಹಾಕಿ ಅದಕ್ಕೆ ಎರಡು ಚಮಚ ಹಾಲು ಬಿಡುತ್ತೇನೆ. ಒಡೆದರೆ ಇನ್ನೂ ಒಂದು ಕುದಿ. ಇದು ಸುಮ್ನೆ ಕಲಿತದ್ದಲ್ಲ. ಒಂದು ಸೋಮವಾರ ಬೆಳಗ್ಗೆ ಆರೂವರೆಗೆ ನೆಲಮಹಡಿಯಿಂದ ಮೂರನೇ ಮಹಡಿ ತನಕ ಕಾಫಿ ಒಡೆದಿತ್ತು. ಹಾಲಿನವನ ಮೇಲೆ ಹರಿಹಾಯ್ದೆ. ಪಾಪ, ಅವನದ್ದೇನೂ ತಪ್ಪಿರಲಿಲ್ಲ.

ಮೂತಿಯ ಜಾಲರಿಯನ್ನು ಬಹಳ ಜನ ಮರೆಯುತ್ತಾರೆ. ಕೆಲವು ಕೆಟಲ್‌ನಲ್ಲಿ ಅದು ಕಳಚಿ ಬರುತ್ತದೆ, ಒಂದು ಬಟ್ಟಲಲ್ಲಿ ಬಿಸಿ ನೀರು, ಅರ್ಧ ಚಮಚ ನಿಂಬೆ ಉಪ್ಪು ಹಾಕಿ ಮುಳುಗಿಸಿಡಿ. ಬರದಿದ್ದರೆ ಕೆಟಲ್ ಬಾಗಿಸಿ ಅದೇ ಹುಳಿ ನೀರು ಅಲ್ಲಿ ನಿಲ್ಲುವ ಹಾಗೆ ಎರಡು ನಿಮಿಷ ಹಿಡಿದು, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಒಂದು ಕೈ ಆಡಿಸಿ.

ಕೆಟಲನ್ನು ನಲ್ಲಿ ಕೆಳಗೆ ಹಿಡಿದು ಹೊರಗೂ ಒಳಗೂ ತೊಳೆಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಒಳಗೆ ಮಾತ್ರ ನೀರು. ಹೊರಗೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಳಗಿನ ತಟ್ಟೆ, ಅದೇ ವೈರ್ ಇರುವುದು, ಅದಕ್ಕೆ ನೀರು ಸೋಕಲೇಬಾರದು. ನಾನು ಶುರುವಿನಲ್ಲಿ ಅದನ್ನೂ ಪಾತ್ರೆ ಸೋಪು ಹಾಕಿ ಉಜ್ಜಿ, ಬಿಸಿಲಲ್ಲಿ ಒಣಗಿಸಿ, ಒಣಗಿದೆ ಅಂತ ಹಾಕಿದೆ. ಟಪ್ ಅಂತ ಇಡೀ ಮಹಡಿಯ ಕರೆಂಟ್ ಹೋಯಿತು. ಶಾರ್ಟ್ ಆದರೆ ತಾನೇ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇತ್ತು, ಬಚಾವಾದೆ.

ನಿಂಬೆ ಉಪ್ಪು ಸಿಗದಿದ್ದರೆ

ನಿಂಬೆಹಣ್ಣು ಆಗುತ್ತದೆ. ದಪ್ಪದಾದರೆ ಎರಡು, ಸಣ್ಣದಾದರೆ ನಾಲ್ಕು. ರಸ ಹಿಂಡಿ, ಬೀಜ ತೆಗೆದು, ಸಿಪ್ಪೆಯನ್ನೂ ಒಳಗೇ ಹಾಕಿ, ಬಿಸಿ ನೀರಿನಲ್ಲಿ ಒಂದು ಗಂಟೆ ಬಿಡಿ. ಕುಕ್ಕರ್ ತಳದ ನೀರಿಗೆ ಹಿಂಡಿದ ನಿಂಬೆ ಸಿಪ್ಪೆ ಹಾಕುತ್ತೇವಲ್ಲ, ಅದೇ ಉಪಾಯ. ತೆಳು ಪದರಕ್ಕೆ ಸಾಕು. ಬೇಸಿಗೆಯಲ್ಲಿ ಒಂದು ನಿಂಬೆಹಣ್ಣಿಗೆ ಹತ್ತು ರೂಪಾಯಿ ಆದಾಗ ಒಂಬತ್ತು ಕೆಟಲ್‌ಗೆ ಇದು ನನ್ನ ಜೇಬಿಗೆ ಹೊಂದುವುದಿಲ್ಲ.

ಬಿಳಿ ವಿನೆಗರ್ ಕೂಡ ಕೆಲಸ ಮಾಡುತ್ತದೆ. ಅಂಗಡಿ ಬಾಟಲಿಯಲ್ಲಿ ಹುಳಿ ಶೇಕಡಾ 4ರ ಹತ್ತಿರ ಇರುತ್ತದೆ. ಅರ್ಧ ವಿನೆಗರ್, ಅರ್ಧ ನೀರು ಸೇರಿಸಿ ಬಿಸಿ ಮಾಡಿ ಒಂದು ಗಂಟೆ ಬಿಡಬೇಕು. ಆ ಘಾಟು ಮಾತ್ರ ಮೂಗಿಗೆ ಹತ್ತಿಕೊಂಡು ಮಧ್ಯಾಹ್ನದ ಊಟದವರೆಗೂ ಬಿಡುವುದಿಲ್ಲ. ಎರಡು ಮೂರು ಕುದಿ ಚೆಲ್ಲಿದರೂ ಮೊದಲ ಟೀಯಲ್ಲಿ ಗೋಬಿ ಮಂಚೂರಿ ಗಾಡಿ ನೆನಪಾಗುತ್ತದೆ.

ಹುಣಸೆಹಣ್ಣು ಹಿತ್ತಾಳೆ ದೀಪಕ್ಕೆ ದೇವರು, ಕೆಟಲ್‌ಗೆ ಅಷ್ಟಕ್ಕಷ್ಟೆ. ನಾರು, ಸಿಪ್ಪೆ ಜಾಲರಿಗೆ ಸಿಕ್ಕಿಕೊಳ್ಳುತ್ತದೆ, ಕಂದು ಬಣ್ಣ ಬಿಡುತ್ತದೆ, ಅದರ ಹುಳಿಗೆ ಸುಣ್ಣ ಅಷ್ಟು ಚೆನ್ನಾಗಿ ಕರಗುವುದೂ ಇಲ್ಲ. ಊರಿಂದ ಅತ್ತಿಗೆ ಕಳಿಸಿದ ಒಣ ವಾಟೆಹುಳಿಯನ್ನೂ ಒಂದು ಸಲ ಹಾಕಿ ನೋಡಿದ್ದೇನೆ. ಸುಣ್ಣ ಸ್ವಲ್ಪ ಹೋಯಿತು, ಕೆಟಲ್ ಒಂದು ವಾರ ಸಾರಿನ ಪಾತ್ರೆಯ ಹಾಗೆ ಘಮಗುಟ್ಟಿತು. ವಾಟೆಹುಳಿ ಸಾರಿಗೇ ಇರಲಿ.

ಅಡುಗೆ ಸೋಡಾದಿಂದ ಸುಣ್ಣ ಹೋಗುವುದಿಲ್ಲ. ಸೋಡಾಕ್ಕೆ ವಿನೆಗರ್ ಬೆರೆಸಿ ಬುಸ್ ಅಂತ ನೊರೆ ಬರಿಸುವ ವಿಡಿಯೊಗಳನ್ನು ಹುಡುಗಿಯರು ತೋರಿಸುತ್ತಿರುತ್ತಾರೆ. ಸೋಡಾ, ಹುಳಿ ಎರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ ಅಷ್ಟೆ. ನೊರೆ ನೋಡಲು ಚೆಂದ, ಕೆಲಸಕ್ಕೆ ಬಾರದ್ದು.

ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಖಂಡಿತ ಬೇಡ. ನಮ್ಮಲ್ಲಿ ಮೊದಲು ಕೆಲಸಕ್ಕೆ ಬರುತ್ತಿದ್ದವರು ಬೇಗ ಆಗಲಿ ಅಂತ ಒಂದು ಮುಚ್ಚಳ ಹಾಕಿಬಿಟ್ಟಿದ್ದರು. ಐದೇ ನಿಮಿಷಕ್ಕೆ ಕನ್ನಡಿಯ ಹಾಗಾಯಿತು. ಹದಿನೈದು ದಿನಕ್ಕೆ ತಳದ ತುಂಬ ಕಪ್ಪು ಕುಳಿ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್ ಸ್ಟೀಲನ್ನೇ ತಿನ್ನುತ್ತದೆ. ಕುಡಿಯುವ ನೀರಿನ ಪಾತ್ರೆಗೆ ಅದನ್ನು ಹಾಕುವುದೂ ಒಂದೇ, ಪಾತ್ರೆ ಬಿಸಾಕುವುದೂ ಒಂದೇ. ಸ್ಟೀಲ್ ನಾರು ಹಾಕಿ ಉಜ್ಜುವುದೂ ಬೇಡ. ಗೀರು ಬಿದ್ದ ಕಡೆ ಮುಂದಿನ ಸಲ ಸುಣ್ಣ ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

302ರ ಕೆಟಲ್

ಹಾಲು, ನೂಡಲ್ಸ್, ಮೊಟ್ಟೆ. ಪಿಜಿ ಕೆಟಲ್ ಅಂದರೆ ಅರ್ಧ ಅಡುಗೆಮನೆ. ಬೇಡ ಅಂದರೆ ಕೇಳುವ ವಯಸ್ಸಲ್ಲ. ಹಾಲು ಕಾಯಿಸಿ ತಳ ಹಿಡಿದರೆ ಅದು ಸುಣ್ಣದ ಕೇಸೇ ಅಲ್ಲ, ಇಲ್ಲಿ ಸೋಡಾ ಬೇಕು. ತಳ ಮುಳುಗುವಷ್ಟು ನೀರು, ಎರಡು ಟೀ ಚಮಚ ಅಡುಗೆ ಸೋಡಾ ಹಾಕಿ ಬಿಸಿ ಮಾಡಿ ರಾತ್ರಿಯಿಡೀ ಬಿಡಿ. ಬಿಸಿ ಮಾಡುವಾಗ ಪಕ್ಕದಲ್ಲೇ ನಿಂತಿರಿ, ಇದೂ ಉಕ್ಕುತ್ತದೆ. ಬೆಳಗ್ಗೆ ಮರದ ಸೌಟಿನಲ್ಲಿ ದೂಡಿದರೆ ಕಂದು ಪದರ ದೋಸೆ ಏಳುವ ಹಾಗೆ ಏಳುತ್ತದೆ. ಚೆನ್ನಾಗಿ ತೊಳೆದು, ಅದರ ಕೆಳಗಿನ ಸುಣ್ಣಕ್ಕೆ ಬೇಕಾದರೆ ನಿಂಬೆ ಉಪ್ಪು.

ನೀರು ಕುದಿದರೂ ಕೆಟಲ್ ಆಫ್ ಆಗದೆ ಕುದಿಯುತ್ತಲೇ ಇದ್ದರೆ ಸ್ವಿಚ್ ಕೆಟ್ಟಿದೆ ಅಂದುಕೊಳ್ಳಬೇಡಿ, ಮುಚ್ಚಳ ನೋಡಿ. ಕುದಿಯುವ ನೀರಿನ ಹಬೆ ಹಿಡಿ ಪಕ್ಕದ ಒಂದು ಸಣ್ಣ ಸಂದಿಯಿಂದ ಇಳಿದು, ಒಳಗಿರುವ ಎರಡು ಲೋಹ ಅಂಟಿಸಿದ ಒಂದು ಪುಟ್ಟ ತಗಡಿಗೆ ತಾಗುತ್ತದೆ. ತಗಡು ಕಾದು ಟಕ್ ಅಂತ ಬಾಗಿ ಸ್ವಿಚ್ ಎಗರಿಸುತ್ತದೆ. ಮುಚ್ಚಳ ಸರಿಯಾಗಿ ಕೂತಿಲ್ಲದಿದ್ದರೆ ಹಬೆ ಎಲ್ಲ ಮೇಲೆ ಹೋಗಿ ತಗಡಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹಾಲು ಉಕ್ಕಿ ಆ ಸಂದಿ ಮುಚ್ಚಿಕೊಂಡರೂ ಅದೇ ಕಥೆ. ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ತುದಿಯಿಂದ ಒರೆಸಿದರೆ ಬಹಳ ಸಲ ಸರಿಹೋಗುತ್ತದೆ. ಸುಣ್ಣ ತೆಗೆಯುವಾಗಲೂ ಮುಚ್ಚಳ ತೆರೆದಿಟ್ಟು ಆನ್ ಮಾಡಬೇಡಿ.

ಎಷ್ಟು ದಿನಕ್ಕೊಮ್ಮೆ?

ನೀರಿನ ಮೇಲೆ ಹೋಗುತ್ತದೆ. ಬರೀ ಬೋರ್ ನೀರು ಇದ್ದಾಗ ಹದಿನೈದು ದಿನಕ್ಕೊಮ್ಮೆ ಮಾಡುತ್ತಿದ್ದೆ. 2024ರ ಬೇಸಿಗೆಯಲ್ಲಿ ನಮ್ಮ ಬೋರ್ ಒಣಗಿ ಟ್ಯಾಂಕರ್ ಹಾಕಿಸಿದಾಗ ಒಂದೊಂದು ಲೋಡ್‌ಗೆ ಒಂದೊಂದು ಥರದ ಬಿಳಿ ಬರುತ್ತಿತ್ತು. ಆ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ನದಿ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ ಶುರುವಾಯಿತಲ್ಲ, ಆಮೇಲೆ ನಮ್ಮ ಬೀದಿಗೂ ಪೈಪ್ ಬಂತು. ಈಗ ಸಂಪ್‌ನಲ್ಲಿ ಕಾವೇರಿಯೂ ಬೋರೂ ಬೆರೆಯುತ್ತವೆ, ತಿಂಗಳಿಗೊಮ್ಮೆ ಸಾಕು. ಬರೀ ಕಾವೇರಿ ನೀರು ಬರುವ ಮನೆಯವರು ಎರಡು ಮೂರು ತಿಂಗಳು ಬಿಟ್ಟರೂ ನಡೆಯುತ್ತದೆ. ನಮ್ಮ ಕೊಪ್ಪದ ಮನೆಯಲ್ಲಿ ಅಣ್ಣ ಒಂದು ಕೆಟಲ್ ಇಟ್ಟಿದ್ದಾನೆ, ನಾಲ್ಕು ವರ್ಷವಾಯಿತು, ಒಳಗೆ ಇನ್ನೂ ಹೊಸತು.

ನನಗಂತೂ ಈಗ ಕೆಟಲ್ ನೋಡಿದರೆ ಆ ವಾರ ಯಾವ ನೀರು ಬಂದಿತ್ತು ಅಂತ ಗೊತ್ತಾಗುತ್ತದೆ. ನಿಮಗೆ ನಿಮ್ಮ ನೀರು ಗಡಸೋ ಮೆದುವೋ ತಿಳಿಯಬೇಕಾದರೆ ಒಂದು ಬಾಟಲಿಯಲ್ಲಿ ಕಾಲು ಭಾಗ ನೀರು ಹಾಕಿ, ಬಟ್ಟೆ ಸೋಪಿನ ಚೂರು ಹಾಕಿ ಅಲುಗಿಸಿ. ಮೆದು ನೀರಾದರೆ ನೊರೆ ಮೇಲಕ್ಕೆ ಏರುತ್ತದೆ. ಗಡಸಾದರೆ ಮೊಸರು ಒಡೆದ ಹಾಗೆ ಬಿಳಿ ಗರಣೆ. ಡಿಟರ್ಜೆಂಟ್ ಪುಡಿ ಹಾಕಿದರೆ ಈ ವ್ಯತ್ಯಾಸ ಕಾಣುವುದಿಲ್ಲ, ಸೋಪೇ ಆಗಬೇಕು.

ಆರ್‌ಒ ನೀರು ಹಾಕಿದರೆ ಸುಣ್ಣ ಕಟ್ಟುವುದು ತೀರಾ ಕಡಿಮೆ. ನಮ್ಮಲ್ಲಿ ಆರ್‌ಒ ಇರುವುದು ನೆಲಮಹಡಿಯಲ್ಲಿ. ರಾತ್ರಿ ಹನ್ನೊಂದಕ್ಕೆ ಮೂರನೇ ಮಹಡಿಯಿಂದ ಯಾರು ಇಳಿದು ಬರುತ್ತಾರೆ? ಬಾತ್‌ರೂಮ್ ನಲ್ಲಿಯಲ್ಲೇ ತುಂಬಿಸಿಕೊಳ್ಳುತ್ತಾರೆ. 101ರದ್ದು ವಿಭೂತಿಯಷ್ಟೇ ಇರುವುದಕ್ಕೂ, ಮಹಡಿ ಹತ್ತಿದಷ್ಟೂ ಸುಣ್ಣ ದಪ್ಪವಾಗುವುದಕ್ಕೂ ಇದೇ ಕಾರಣ. ಕಾಯಿಸಿದ ನೀರು ಉಳಿದರೆ ರಾತ್ರಿ ಚೆಲ್ಲಿ ಮುಚ್ಚಳ ತೆರೆದಿಡಿ ಅಂತ ಹೇಳುತ್ತೇನೆ. ಹಳೇ ನೀರಿನ ಮೇಲೆ ಹೊಸ ನೀರು ಹಾಕಿ ಹಾಕಿ ಕಾಯಿಸಿದರೆ ಪದರದ ಮೇಲೆ ಪದರ. ಬೇಕಾದಷ್ಟೇ ಕಾಯಿಸಿ, ಒಂದು ಲೋಟ ಟೀಗೆ ಒಂದೂವರೆ ಲೀಟರ್ ಬೇಡ.

ಸುಣ್ಣ ತೆಗೆದ ಹುಳಿ ನೀರನ್ನು ನಾನು ಚೆಲ್ಲುವುದಿಲ್ಲ. ಅದರಲ್ಲಿ ಇನ್ನೂ ಸ್ವಲ್ಪ ಹುಳಿ ಉಳಿದಿರುತ್ತದೆ. ಒಂದು ಬಕೆಟ್‌ಗೆ ಸುರಿದಿಟ್ಟುಕೊಂಡು ಅದರಲ್ಲಿ ಬಟ್ಟೆ ಅದ್ದಿ ನಲ್ಲಿಗಳ ಬುಡಕ್ಕೆ ಸುತ್ತುತ್ತೇನೆ, ಶವರ್ ತಲೆ ಬಿಚ್ಚಿ ಅದರಲ್ಲೇ ಮುಳುಗಿಸುತ್ತೇನೆ. ಮಾರ್ಬಲ್ ನೆಲದ ಮೇಲೆ ಮಾತ್ರ ಒಂದು ಹನಿಯೂ ಬೀಳಬಾರದು. ಮಾರ್ಬಲ್ ಕೂಡ ಕ್ಯಾಲ್ಸಿಯಂ ಕಾರ್ಬೋನೇಟ್, ಹೊಳಪು ಹೋಗಿ ಕಲೆ ನಿಲ್ಲುತ್ತದೆ. ಗ್ರಾನೈಟ್ ಕಟ್ಟೆಗೆ ಆ ಹೆದರಿಕೆ ಇಲ್ಲ.

ಇನ್ನು ಆ ಫಜೀತಿ. ಹೋದ ವರ್ಷ ನಿಂಬೆ ಉಪ್ಪನ್ನು ಒಂದು ಗಾಜಿನ ಡಬ್ಬಿಗೆ ಹಾಕಿ ಸಕ್ಕರೆ ಡಬ್ಬಿ ಪಕ್ಕದಲ್ಲಿಟ್ಟೆ. ಬುದ್ಧಿವಂತಿಕೆಯಿಂದ ಚೀಟಿಯನ್ನೂ ಅಂಟಿಸಿದ್ದೆ, "ಸಕ್ಕರೆ ಅಲ್ಲ" ಅಂತ. ಬೆಳಗ್ಗೆ ಒಡಿಶಾದ ಹುಡುಗಿ ಕಾಫಿ ಲೋಟ ಹಿಡಿದುಕೊಂಡು ಬಂದಳು. ಮುಖ ಹುಣಸೆಕಾಯಿ ಕಚ್ಚಿದ ಹಾಗಾಗಿತ್ತು. "ಆಂಟಿ, ಶುಗರ್ ಕೆಟ್ಟೋಗಿದೆ." ಪಾಪ, ಅವಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಈಗ ಡಬ್ಬಿ ಸಿಂಕ್ ಕೆಳಗೆ ಹೋಗಿದೆ. ಚೀಟಿ ಮೇಲೆ ಒಂದು ಕೆಟಲ್ ಚಿತ್ರ, ಪಕ್ಕದಲ್ಲಿ ಒಂದು ನಿಂಬೆಹಣ್ಣು. ಬರೆದುಕೊಟ್ಟವಳು ಅವಳೇ.